ಹೆಣ್ಣು ನೋಡಲು ಹೊರಟ ಮೋಟರು

ಮೂವತ್ತರ ದಶಕದಲ್ಲಿ ಕಾರವಾರದಿಂದ ಅಂಕೋಲೆಗೆ ಹೆಣ್ಣು ನೋಡಲು ಹೋಗುವವರು ಸರ್ವಿಸ್ ಬಸ್ಸಿನಲ್ಲಿ ಹೋಗುತ್ತಿದ್ದರು. ಬಸ್ಸು ತಪ್ಪಿದರೆ ಗಾಡಿ ಕಟ್ಟಿಸುತ್ತಿದ್ದರು. ನನಗೆ ಆ ಭಾಗ್ಯ ಇರಲಿಲ್ಲ. ನನ್ನ ಸೋದರಮಾವನ ಹತ್ತಿರ ಮೋಟರು ಇತ್ತು.

ಮಾವ ವಕೀಲರು. ವರ್ಗವಾಗಿ ಹೋದ ಒಬ್ಬ ಬಿಳಿ ಸಾಹೇಬನಿಂದ ಆ ಮೋಟರನ್ನು ಕೊಂಡಿದ್ದರು. ಆಗಲೇ ಅದಕ್ಕೆ ವಯಸ್ಸಾಗಿತ್ತು. ಸಮುದ್ರದ ಉಪ್ಪುಗಾಳಿ ಅದರ ಮೈಯ ಹಸಿರು ಬಣ್ಣವನ್ನು ಅಲ್ಲಲ್ಲಿ ತಿಂದುಹಾಕಿತ್ತು. ಆದರೂ ಮಾವ ಅದರಲ್ಲಿ ಕೋರ್ಟಿಗೆ ಹೋಗುವಾಗ ಕೈ ಹೊರಗೆ ಚಾಚಿ ಕೂರುತ್ತಿದ್ದರು, ದಾರಿಹೋಕರ ನಮಸ್ಕಾರ ಬಿದ್ದು ಒಡೆದುಹೋಗಬಾರದು ಎಂಬಂತೆ. "ಹುಡುಗ ಮಾಸ್ತರಿಕೆಯವ. ಮೋಟರಿನಲ್ಲಿ ಇಳಿದರೆ ಮಾತೇ ಬೇರೆ" ಎಂದು ನನ್ನ ತಾಯಿಗೆ ಹೇಳಿ ಒಪ್ಪಿಸಿದವರು ಅವರೇ.

ಜೊತೆಗೆ ಅವರ ಸ್ನೇಹಿತರಾದ ಡಾಕ್ಟರರೂ ಹೊರಟರು. ಹುಡುಗಿಯ ಆರೋಗ್ಯ ಹೇಗಿದೆ ಎಂದು ಮುಖ ನೋಡಿಯೇ ಹೇಳಬಲ್ಲೆ ಎಂಬುದು ಅವರ ವಾದ. ಮುಖ ಸಾಲದಿದ್ದರೆ ಇರಲಿ ಎಂದು ಸ್ಟೆಥಾಸ್ಕೋಪನ್ನೂ ಕೊರಳಿಗೆ ಹಾಕಿಕೊಂಡು ಬಂದಿದ್ದರು.

ಬಿಣಗಾ ದಾಟುವವರೆಗೆ ಎಲ್ಲ ಸರಿಯಿತ್ತು. ಅಲ್ಲಿಂದ ಮುಂದೆ ಇಂಜಿನು ಮುಗ್ಗರಿಸತೊಡಗಿತು. ಮೂರು ಹೆಜ್ಜೆ ನೆಟ್ಟಗೆ ಇಟ್ಟು ನಾಲ್ಕನೆಯದಕ್ಕೆ ಕುಂಟುವ ಎತ್ತಿನ ಹಾಗೆ ಅದರ ಓಟ. ನಡುನಡುವೆ ಹಿಂದಿನ ಕೊಳವೆಯಿಂದ 'ಢಂ' ಎಂದು ಹೊಗೆ ಬೇರೆ. ಹಾರವಾಡದ ಹತ್ತಿರದ ಏರಿನಲ್ಲಿ ಅದು ನಿಂತೇಬಿಟ್ಟಿತು.

ಮಾವ ಇಳಿದು ಬಾನೆಟ್ಟು ಎತ್ತಿದರು. ಕೋರ್ಟಿನ ಕಟಕಟೆಯಲ್ಲಿ ನಿಂತ ಸಾಕ್ಷಿಯನ್ನು ನೋಡುವ ಹಾಗೆ ಇಂಜಿನನ್ನು ನೋಡಿದರು.

"ಪೆಟ್ರೋಲಿನದೇ ಕೆಲಸ. ನೀರು ಬೆರೆಸಿದ್ದಾರೆ."

"ಅಲ್ಲ ವಕೀಲರೆ, ಇದು ಅಜೀರ್ಣ" ಎಂದರು ಡಾಕ್ಟರು. "ಕಾರ್ಬ್ಯುರೇಟರಿನಲ್ಲಿ ಕಸ ಕೂತಿರಬೇಕು. ಅದೇ ಇದರ ಹೊಟ್ಟೆ."

ಮೊದಲು ಮಾವನ ವಾದದಂತೆ ಪೆಟ್ರೋಲಿನ ನಳಿಗೆ ಬಿಚ್ಚಿದೆವು. ನೀರು ಸಿಗಲಿಲ್ಲ, ಬೇಕಾದಷ್ಟು ಪೆಟ್ರೋಲು ಮಾತ್ರ ರಸ್ತೆಯ ಪಾಲಾಯಿತು. ಆಮೇಲೆ ಡಾಕ್ಟರರ ವಾದದಂತೆ ಕಾರ್ಬ್ಯುರೇಟರು ಬಿಚ್ಚಿ ಊದಿದೆವು. ನಾನು ಮುಂದೆ ನಿಂತು ಹ್ಯಾಂಡಲು ತಿರುಗಿಸಿದೆ. ಇಂಜಿನು ಎದ್ದಿತು, ಮೊದಲಿನ ಹಾಗೇ ಕುಂಟಿತು. ಹೆಣ್ಣು ನೋಡಲೆಂದು ಉಟ್ಟ ನನ್ನ ಬಿಳಿ ಧೋತರದಲ್ಲಿ ಅಷ್ಟರಲ್ಲಿ ಬಿಳಿ ಹುಡುಕಬೇಕಾಗಿತ್ತು.

ಡಾಕ್ಟರು ಸ್ಟೆಥಾಸ್ಕೋಪನ್ನು ಕಿವಿಗೆ ಹಾಕಿ ನಾಲ್ಕೂ ಸಿಲಿಂಡರುಗಳ ಎದೆ ಪರೀಕ್ಷೆ ಮಾಡಿದರು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ, "ಒಂದು ಕಡೆ ದುರ್ಬಲವಾಗಿದೆ" ಎಂದರು.

"ಯಾವ ಕಡೆ?"

"ಅದನ್ನು ಈಗಲೇ ಹೇಳುವುದು ಅವಸರವಾದೀತು."

ಆಗ ಹಾರವಾಡದ ಮೀನುಗಾರ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೊರಟಿದ್ದವರು ನಮ್ಮನ್ನು ನೋಡಿ ನಿಂತರು. ಅವರಲ್ಲಿ ಹಿರಿಯಳು ಕೇಳಿದಳು: "ಎಂತ ಆತ್ರಾ ಒಡ್ಯಾ? ಎಲ್ಲಿಗೆ ಹೊರಟದ್ದು?"

"ಅಂಕೋಲೆಗೆ. ಹೆಣ್ಣು ನೋಡೂಕೆ" ಎಂದೆ.

"ಹಂಗಾರೆ ನಾವು ಮುಂದೆ ಹೋಗಿ ಹೇಳ್ತೇವು, ಬತ್ತೇ ಇದ್ರು ಅಂತ" ಎಂದು ನಕ್ಕು ಹುಡುಗಿಯ ಮನೆ ಯಾವುದೆಂದು ಕೇಳಿಕೊಂಡಳು. ನಾನು ಹೇಳಿದೆ. ಹೇಳಬಾರದಿತ್ತು.

ಮಾವನಿಗೆ ಅವಮಾನವಾಯಿತು. ಇಂಜಿನು ಕುಂಟುತ್ತ ಓಡುತ್ತಿದ್ದಂತೆಯೇ ಬಾನೆಟ್ಟಿನೊಳಗೆ ಬಗ್ಗಿ, "ಇನ್ನೂ ಪೆಟ್ರೋಲೇ ಅಪರಾಧಿ ಎನ್ನುವುದು ನನ್ನ ಮತ. ನೋಡಿ, ಇಲ್ಲಿ..." ಎಂದು ಬೆರಳು ಚಾಚಿದರು. ಮುಂಗೈ ಪ್ಲಗ್ಗಿನ ತಂತಿಯೊಂದಕ್ಕೆ ತಾಗಿತು. ಕೋರ್ಟಿನಲ್ಲಿ ಇಂಗ್ಲಿಷು, ಕಕ್ಷಿದಾರರೊಡನೆ ಕನ್ನಡ ಆಡುವ ನಮ್ಮ ಮಾವ "ಆವಯ್ ಗೋ" ಎಂದು ಅಪ್ಪಟ ಕೊಂಕಣಿಯಲ್ಲಿ ತಾಯನ್ನು ಕರೆದು ರಸ್ತೆಯ ಬದಿಯ ಕಾರೆಮುಳ್ಳಿನ ಪೊದೆಯ ತನಕ ಹಿಂದಕ್ಕೆ ಹಾರಿದರು. ಮೀನಿನ ಹೆಂಗಸರು ಸೆರಗಿನಲ್ಲಿ ನಗು ಮುಚ್ಚಿಕೊಂಡು ಅಂಕೋಲೆಯ ದಾರಿ ಹಿಡಿದರು.

ಡಾಕ್ಟರು ನಾಡಿ ಹಿಡಿದು, "ಏನೂ ಆಗಿಲ್ಲ" ಎಂದರು. ಮಾವನಿಗೆ ಅದೂ ಹಿಡಿಸಲಿಲ್ಲ. ಇಷ್ಟು ದೊಡ್ಡ ಹೊಡೆತಕ್ಕೆ ಏನಾದರೂ ಆಗಿರಬೇಕಾದದ್ದು ನ್ಯಾಯ.

ನನಗೆ ಮಾತ್ರ ಒಂದು ಸಂಶಯ ಬಂತು. ತಂತಿಯ ಮೇಲೆ ರಬ್ಬರಿನ ಹೊದಿಕೆ ಇರುವಾಗ ಮುಟ್ಟಿದವರಿಗೆ ಹೀಗೇಕೆ ಹೊಡೆಯಬೇಕು? ಮಾವನ ಕರಿ ಕೋಟನ್ನು ಕೇಳಿ ತೆಗೆದುಕೊಂಡು, ಫೋಟೋದವನು ಮುಸುಕು ಹಾಕುವಂತೆ ನನ್ನ ತಲೆಯನ್ನೂ ಇಂಜಿನನ್ನೂ ಸೇರಿಸಿ ಮುಚ್ಚಿ ಕತ್ತಲು ಮಾಡಿಕೊಂಡೆ. ಆ ತಂತಿಯ ಹೊದಿಕೆ ಬಿರಿದಿತ್ತು. ಬಿರುಕಿನಿಂದ ಸಣ್ಣ ನೀಲಿ ಕಿಡಿಯೊಂದು ಚಟ್ ಚಟ್ ಎಂದು ಪಕ್ಕದ ಕಬ್ಬಿಣಕ್ಕೆ ಹಾರುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಸಿಲಿಂಡರಿನ ಪೆಟ್ರೋಲು ಉರಿಯದೆ ಹಾಗೇ ಹಿಂದಿನ ಕೊಳವೆಗೆ ಹೋಗಿ ಅಲ್ಲಿ ಸಿಡಿಯುತ್ತಿತ್ತು.

ಇಬ್ಬರೂ ಸರದಿಯಂತೆ ಕೋಟಿನೊಳಗೆ ಹೊಕ್ಕು ನೋಡಿ ಬಂದರು.

"ನಾನು ಹೇಳಲಿಲ್ಲವೇ, ಒಂದು ಕಡೆ ದುರ್ಬಲ ಅಂತ?" ಎಂದರು ಡಾಕ್ಟರು.

"ತೋರಿಸಿಕೊಟ್ಟದ್ದು ನನ್ನ ಕೈ" ಎಂದರು ಮಾವ.

ಇನ್ನು ತಂತಿಗೆ ಹೊದಿಕೆ ಬೇಕಿತ್ತು. ಬಟ್ಟೆ ಸುತ್ತಿದರೆ ಪ್ರಯೋಜನವಿಲ್ಲ, ರಬ್ಬರೇ ಆಗಬೇಕು. ಸುತ್ತಮುತ್ತ ತೆಂಗು, ಮರಳು, ಗದ್ದೆ. ಮಾವನ ದೃಷ್ಟಿ ನಿಧಾನವಾಗಿ ಡಾಕ್ಟರರ ಕೊರಳಿನ ಮೇಲೆ ಬಂದು ನಿಂತಿತು.

"ಸಾಧ್ಯವೇ ಇಲ್ಲ" ಎಂದರು ಡಾಕ್ಟರು.

ಮಾವ ತಮ್ಮ ಜೀವಮಾನದ ಅತ್ಯುತ್ತಮ ವಾದವನ್ನು ಮಂಡಿಸಿದ್ದು ಆ ರಸ್ತೆಯಲ್ಲಿ. ಹುಡುಗನ ಬಾಳು, ಹೆಣ್ಣಿನ ತಂದೆಯ ನಿರೀಕ್ಷೆ, ಮುಹೂರ್ತ, ಸ್ನೇಹ ಎಲ್ಲವೂ ಅದರಲ್ಲಿ ಬಂದವು. ಕೊನೆಗೆ, ನಡೆದು ಹೋಗುವುದಾದರೆ ಬಿಸಿಲು ಎಷ್ಟಿದೆ ಎಂಬುದು ಬಂತು. ಡಾಕ್ಟರು ಚಾಕು ತೆಗೆದು ಸ್ಟೆಥಾಸ್ಕೋಪನ್ನು ತಾವೇ ಕೊಯ್ದರು. ಬೇರೆಯವರು ಕೊಯ್ಯುವುದನ್ನು ನೋಡಲಾರೆ ಎಂದರು. ಆ ರಬ್ಬರಿನ ನಳಿಗೆಯನ್ನು ಉದ್ದಕ್ಕೆ ಸೀಳಿ ತಂತಿಗೆ ತೊಡಿಸಿ ದಾರ ಸುತ್ತಿ ಮುಗಿಸುವಷ್ಟರಲ್ಲಿ ಆ ಹೆಂಗಸರು ಅಂಕೋಲೆ ಮುಟ್ಟಿರಬೇಕು. ಇಂಜಿನು ನಾಲ್ಕೂ ಕಾಲು ಊರಿ ಓಡಿತು.

ಎಷ್ಟು ಸದ್ದಿಲ್ಲದೆ ಓಡಿತೆಂದರೆ, ಅಂಕೋಲೆಯಲ್ಲಿ ಹುಡುಗಿಯ ಮನೆಯ ಮುಂದೆ ನಿಂತಾಗ ಯಾರೂ ಹೊರಗೆ ಬರಲಿಲ್ಲ. ಮಾವ ಹಾರ್ನು ಒತ್ತಿದರು. ಅದು ಎಂದೋ ಕೆಟ್ಟಿತ್ತು. ನಾವೇ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾಯಿತು.

"ಬಸ್ಸಿಗೆ ಬಂದ್ರಾ?" ಎಂದು ಹುಡುಗಿಯ ತಂದೆ ವಿನಯದಿಂದ ಕೇಳಿದರು.

ಮಾವ ಸೇಡು ತೀರಿಸಿಕೊಂಡರು. ಪೀಠಿಕೆಯಿಂದ ಹಿಡಿದು ನೀಲಿ ಕಿಡಿಯವರೆಗೆ ಎಲ್ಲ ಹೇಳಿದರು. ಆ ಮನೆಯ ಗಂಡಸರಲ್ಲಿ ಒಬ್ಬರೂ ಮೋಟರು ನಡೆಸಿದವರಲ್ಲ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು. ಹುಡುಗಿ ಅವಲಕ್ಕಿಯ ತಾಟು ಹಿಡಿದು ಬಂದು ನಿಂತಾಗ ತಂದೆಯವರು, "ಆದರೂ ಪೆಟ್ರೋಲಿನದೇ ಇರಬೇಕು" ಎನ್ನುತ್ತಿದ್ದರು. ಡಾಕ್ಟರು ಅವಳ ಮುಖ ನೋಡುವುದನ್ನೇ ಮರೆತರು. ನೋಡಿದವನು ನಾನೊಬ್ಬನೇ. ಅವಳೂ ನನ್ನ ಧೋತರವನ್ನು ನೋಡಿದಳು, ತುಟಿ ಕಚ್ಚಿ ತಾಟು ಇಟ್ಟು ಒಳಗೆ ಹೋದಳು.

ಬಾಗಿಲ ಸಂದಿಯಿಂದ ಅವಳ ಅಜ್ಜಿಯ ಧ್ವನಿ ಬಂತು: "ಮೋಟರು ಒದ್ದದ್ದು ಯಾರಿಗಂತ್ರಾ? ಹುಡುಗ್ನಿಗನಾ? ಮೀನಿನವ್ಳು ಹಿತ್ಲಲ್ಲಿ ನಂಗೆ ಹಂಗೇ ಹೇಳಿ ಹೋದ್ಳು."

"ಅಲ್ಲ, ಅವನ ಮಾವನಿಗೆ" ಎಂದರು ತಂದೆ.

"ಹಂಗಾರೆ ಅಡ್ಡಿಲ್ಲ."

ನಮ್ಮ ಸಂಬಂಧ ಕುದುರಿದ್ದು ಆ ಒಂದು ಮಾತಿನಲ್ಲಿ. ಮದುವೆಯಾದ ಮೇಲೆ ಹೆಂಡತಿಯನ್ನು ಕೇಳಿದೆ, ಅಂದು ಅಷ್ಟು ಮಸಿ ಬಳಿದುಕೊಂಡು ಬಂದವನನ್ನು ಹೇಗೆ ಒಪ್ಪಿದೆ ಎಂದು.

"ಆ ಕೋಣೆಯಲ್ಲಿ ಕೆಲಸ ಮಾಡಿದ ಹಾಗೆ ಕಂಡದ್ದು ನೀವೊಬ್ಬರೇ" ಎಂದಳು.