ಕೂಗುವ ಮುಂಚೆ ಕೇಳಿದವರು

ಜರ್ಮನಿಯ ಶಾಲೆಗಳಲ್ಲಿ ತುರ್ಕಿ ಮೂಲದ ಅಲೆವಿ ಪಂಥದ ಮಕ್ಕಳಿಗೆ ತಮ್ಮ ನಂಬಿಕೆಯ ಪಾಠ ಕಲಿಯುವ ಹಕ್ಕು ದೊರೆತಾಗ ಮೊದಲು ತರಗತಿಗೆ ಕಾಲಿಟ್ಟ ಶಿಕ್ಷಕರ ಸಾಲಿನಲ್ಲಿ ಶ್ರೀಮತಿ ಫಿದಾನ್ ಅಕ್‌ಕಾಯಾ ಅವರು ಸೇರುತ್ತಾರೆ. ದೂಯಿಸ್‌ಬುರ್ಗಿನಲ್ಲಿ ಅವರ ಕೈಕೆಳಗೆ ಕಲಿತು, ಮುಂದೆ ನನ್ನ ಮಗಳನ್ನೂ ಅವರಲ್ಲಿಗೇ ಕಳಿಸಿದವಳು ನಾನು. ಈಗ ಅವರು ನಿವೃತ್ತರಾಗುತ್ತಿದ್ದಾರೆ. ಒಲೆಯ ಮೇಲೆ ಬೇಳೆ ಬೇಯುವಷ್ಟರಲ್ಲಿ ಇಷ್ಟನ್ನಾದರೂ ಬರೆದಿಡುತ್ತೇನೆ.

ಟೀಚರ್ ಇಲ್ಲಿನ ನಮ್ಮ ಅಲೆವಿ ಸಂಘದ ವಕ್ತಾರರೂ ಆಗಿದ್ದರು. ತುರ್ಕಿಯಲ್ಲಿ ನಮ್ಮ ಪ್ರಾರ್ಥನಾ ಮನೆಗಳಿಗೆ ಮಾನ್ಯತೆ ಬೇಕೆಂದು ಒಮ್ಮೆ ಕೊಲೋನ್ ನಗರದ ಚೌಕದಲ್ಲಿ ಮಾತನಾಡುತ್ತ ತುರ್ಕಿಯ ತಮ್ಮ ಹುಟ್ಟೂರು ಚಿನಾರ್ಲಿಯ ಹೆಸರೆತ್ತಿದರು. ಆ ಮಾತು ತುರ್ಕಿಯ ಪತ್ರಿಕೆಗಳನ್ನೂ ಮುಟ್ಟಿತು.

ಆ ಬೇಸಿಗೆಯಲ್ಲಿ ನಾವು ಕೆಲವರು ಅವರೊಡನೆ ಚಿನಾರ್ಲಿಯಲ್ಲಿ ಜೆಮ್ ಎಂಬ ನಮ್ಮ ಪ್ರಾರ್ಥನಾ ಕೂಟಕ್ಕೆ ಹೋದೆವು. ಯಾರಿಗಾದರೂ ಯಾರ ಮೇಲಾದರೂ ನೋವಿದೆಯೇ ಎಂದು ಗುರುಹಿರಿಯರಾದ ದೆದೆ ಕೇಳಿದರು. ಎಲ್ಲರೂ ರಾಜಿ ಎನ್ನುವವರೆಗೆ ದೀಪ ಹಚ್ಚುವಂತಿಲ್ಲ. ಆ ಊರಿನ ದೋನೆ ಅಜ್ಜಿ ಎದ್ದರು.

"ನಂಗಿದೆ. ಈ ಜರ್ಮನಿಯವ್ರ ಮೇಲೆ. ನೀವು ಅಲ್ಲಿ ಕೂಗಿ ಚಪ್ಪಾಳೆ ತಗೊಂಡ್ರಿ, ಪೊಲೀಸ್ ಜೀಪು ಬಂದು ನಿಂತಿದ್ದು ನಮ್ಮ ಬಾಗಿಲಿಗೆ. ನನ್ನ ಮಗನ್ನ ಕರ್ಕೊಂಡೋಗಿ ಸಂಜೆವರೆಗೂ ಕೂರಿಸಿದ್ರು."

"ನಿಮಗೋಸ್ಕರಾನೇ ಅಲ್ವಾ ಅಜ್ಜಿ ಕೂಗಿದ್ದು!" ಎಂದರು ನಮ್ಮ ಸಂಘದವರೊಬ್ಬರು.

"ನಾನು ಕೇಳಿದ್ನಾ? ನಿಂಗೇನಪ್ಪ, ವಿಮಾನ ಇದೆ, ಹತ್ತಿ ಹೋಗ್ತೀಯ."

ಫಿದಾನ್ ಟೀಚರ್ ವಾದಿಸಲಿಲ್ಲ. ನಡುವೆ ಬಂದು, ಕೂಟಕ್ಕೆ ತಪ್ಪೊಪ್ಪಿಸುವವರು ನಿಲ್ಲುವ ಹಾಗೆ ಎಡಗಾಲ ಹೆಬ್ಬೆರಳ ಮೇಲೆ ಬಲಗಾಲ ಹೆಬ್ಬೆರಳಿಟ್ಟು, ತಲೆ ತಗ್ಗಿಸಿ ನಿಂತರು. "ಹೇಳು ಅಜ್ಜಿ. ಇನ್ನು ಬಾಯಿ ಮುಚ್ಕೊಂಡಿರು ಅಂದ್ರೂ ಸರಿ."

ಅಜ್ಜಿ ಹೇಳಿದರು: "ಕೂಗ್ಬೇಡ ಅನ್ನಲ್ಲ ಮಗಳೇ. ಕೂಗೋ ಮುಂಚೆ ಕೇಳು."

ದೆದೆ ದೀಪ ಹಚ್ಚಿಸಿದರು.

ಅಂದಿನಿಂದ ಊರಿಗೆ ಫೋನು ಮಾಡಿ ಅಜ್ಜಿಯನ್ನು ಕೇಳದೆ ಸಂಘದಿಂದ ಒಂದು ಹೇಳಿಕೆಯೂ ಹೊರಡಲಿಲ್ಲ. "ಅಜ್ಜಿ ಹಸು ಕರೆದು ಫೋನ್ ಎತ್ತೋ ತನಕ ನಮ್ಮ ಹೋರಾಟಕ್ಕೆ ರಜಾನಾ ಟೀಚರ್?" ಎಂದು ಸಂಘದ ಹುಡುಗಿಯರು ಕೆಣಕುತ್ತಿದ್ದರು. "ಹೂಂ, ಅಲ್ಲೀವರೆಗೆ ಟೀ ಕುಡೀರಿ" ಎನ್ನುತ್ತಿದ್ದರು ಟೀಚರ್. ಒಮ್ಮೆ ಬರ್ಲಿನ್ನಿನ ದೊಡ್ಡ ಸಭೆಯ ಮುನ್ನಾದಿನ ಊರು ಬೇಡವೆಂದಿತು. ಟೀಚರ್ ಚಿನಾರ್ಲಿಯ ಮಾತೇ ಎತ್ತದೆ ಮರಳಿದರು. ಅವಕಾಶ ಕಳೆದರೆಂದು ನಮ್ಮವರೇ ಮುನಿದರು. ವಕ್ತಾರ ಸ್ಥಾನವೂ ಹೋಗುವುದರಲ್ಲಿತ್ತು. ಅವರು ಮರುದಿನ ಎಂದಿನಂತೆ ಪಾಠಕ್ಕೆ ಬಂದರು.

ಕಳೆದ ವಸಂತದಲ್ಲಿ ಫೋನು ಅತ್ತಲಿಂದಲೇ ಬಂತು, ದೋನೆ ಅಜ್ಜಿಯದು. "ಈ ಸಲ ಊರಿನ ಹೆಸರು ಹೇಳು ಫಿದಾನ್. ನನ್ನ ಹೆಸರೂ ಹೇಳು. ಮೈಕಿದ್ರೆ ಇನ್ನೂ ಒಳ್ಳೇದು."

ಶಾಲೆಯಿಂದ ಬಿಡುವು ಪಡೆಯುತ್ತಿರುವ ನಮ್ಮ ಟೀಚರಿಗೆ ಆಯಸ್ಸು ಬಹಳವಿರಲಿ, ದನಿ ಗಟ್ಟಿಯಾಗಿರಲಿ, ಅದಕ್ಕೂ ಮೊದಲು ಕೇಳುವ ಆ ತಾಳ್ಮೆ ನಮ್ಮ ಮಕ್ಕಳಿಗೂ ಬರಲಿ. ದೋನೆ ಅಜ್ಜಿಯ ಮಾತುಗಳನ್ನು ಇಲ್ಲಿ ಬರೆದಿರುವುದು ಅವರನ್ನು ಕೇಳಿಯೇ.