ಸುಭಾಗಿ ಕೊಯ್ದ ಕಾರು

ಗ್ರೈಂಡರಿನ ಚಕ್ರವನ್ನು ಕಾರಿನ ಚಾವಣಿಗೆ ತಾಗಿಸುವ ಮೊದಲು ಸುಭಾಗಿ ಮೂರು ಸಲ ಅದರ ಸುತ್ತ ಬಂದಳು. ಪೆಟ್ರೋಲ್ ಟ್ಯಾಂಕು ಬಿಚ್ಚಿ ಮಾವಿನ ಮರದಾಚೆ ಇಟ್ಟಾಗಿತ್ತು. ಬ್ಯಾಟರಿ ತೆಗೆದಾಗಿತ್ತು, ಹಿಂದಿನ ಸೀಟು ಕಿತ್ತಾಗಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಹದಿನಾಲ್ಕನೆಯ ವಯಸ್ಸಿನಿಂದ ಕಬ್ಬಿಣ ಕತ್ತರಿಸಿಕೊಂಡು ಬಂದವಳು ಅವಳು, ಈಗ ನಲವತ್ತೊಂದು. ಆದರೆ ಓಡುವ ಒಂದು ವಸ್ತುವನ್ನು ಕೊಯ್ಯುವುದು ಇದೇ ಮೊದಲು. ಕೊಯ್ದ ಮೇಲೆ ಅದು ಓಡದೇ ಹೋದರೆ?

ಬಾಗಿಲಲ್ಲಿ ಕೂತು ಕೆಸುವಿನೆಲೆ ಹೆಚ್ಚುತ್ತಿದ್ದ ತಾಯಿ ಫುಲ್ಮತಿ ತಲೆ ಎತ್ತದೆ ಅಂದಳು, "ಊರಲ್ಲಿ ಹೆಣ್ಮಕ್ಕಳು ಗಂಡನ್ನ ಕಟ್ಕೋತಾರೆ. ನೀನು ಕಾರನ್ನ ಕಟ್ಕೊಂಡೆ. ಹೋಗ್ಲಿ ಅಂದ್ರೆ ಅದನ್ನೂ ಇಡಿಯಾಗಿ ಇಟ್ಕೊಳ್ಳಕ್ಕೆ ಬರಲಿಲ್ಲ ನಿಂಗೆ."

"ಅಮ್ಮಾ, ಕಿಡಿ ಹಾರತ್ತೆ. ಒಳಗೆ ಹೋಗು."

"ನಿಮ್ಮಪ್ಪನ ಕಿಡೀಲಿ ಮೂವತ್ತು ವರ್ಷ ಅಡುಗೆ ಮಾಡಿದೀನಿ. ಕೊಯ್ಯೋದಿದ್ರೆ ಕೊಯ್ಯಿ."

ಸೆಯಾಕಾಕಾ ಊರಿನ ರಸ್ತೆ ಬದಿಯ ಆ ತಗಡಿನ ಶೆಡ್ಡು ಅಪ್ಪ ಬಿಸೇಸರ್ ಕಟ್ಟಿದ್ದು. ಗಂಡುಮಕ್ಕಳಿಲ್ಲದ ಬಿಸೇಸರ್ ಮಗಳ ಕೈಗೆ ವೆಲ್ಡಿಂಗ್ ಹಿಡಿ ಕೊಟ್ಟಾಗ ಜನ ನಕ್ಕಿದ್ದರು. ಅವನು ತೀರಿಕೊಂಡ ಮೇಲೆ ನಗು ನಿಂತಿತು, ಕೆಲಸವೂ ನಿಂತಿತು. ಗೇಟು, ಕಿಟಕಿ ಸರಳು ಮಾಡಿಸಲು ಬರುತ್ತಿದ್ದರೇ ಹೊರತು, ಕಬ್ಬಿನ ಹಂಗಾಮಿನಲ್ಲಿ ಮುರಿಯುವ ಟ್ರೇಲರು, ನೇಗಿಲು, ಟ್ರಾಕ್ಟರಿನ ಕೊಂಡಿಗಳೆಲ್ಲ ನಲವತ್ತು ಕಿಲೋಮೀಟರ್ ದೂರದ ಲಬಾಸಾ ಪಟ್ಟಣಕ್ಕೆ ಹೋಗುತ್ತಿದ್ದವು. ಅಲ್ಲಿ ಸಾಲು. ಎರಡು ದಿನ, ಮೂರು ದಿನ. ಕಡಿದ ಕಬ್ಬು ಹೊಲದಲ್ಲೇ ಒಣಗುತ್ತಿತ್ತು. ಮುರಿದದ್ದು ಎಲ್ಲಿ ಬಿದ್ದಿದೆಯೋ ಅಲ್ಲಿಗೇ ಹೋಗಿ ಬೆಸೆದು ಕೊಟ್ಟರೆ ಯಾರು ಬೇಡ ಅಂದಾರು ಎಂದು ಸುಭಾಗಿ ಲೆಕ್ಕ ಹಾಕಿದ್ದಳು. ಹೋಗಲು ಗಾಡಿ ಬೇಕಲ್ಲ? ನೆರೆಯ ಮುನ್ಸಾಮಿ ಕಾಕಾನ ಹಿತ್ತಿಲಲ್ಲಿ ಜಪಾನಿನ ಹಳೆಯ ಪುಟ್ಟ ಕಾರೊಂದು ಕೋಳಿಗೂಡಾಗಿ ನಿಂತಿತ್ತು. ಎಂಜಿನ್ ಗಟ್ಟಿ, ಒಳಗೆಲ್ಲ ಕೋಳಿ ಹಿಕ್ಕೆ. ಒಂದು ಕಬ್ಬಿಣದ ಗೇಟಿಗೆ ಬದಲಾಗಿ ಮುದುಕ ಅದನ್ನು ಕೊಟ್ಟ. ಇನ್ನೂ ಮೊಟ್ಟೆ ಇಡುತ್ತಿದ್ದ ಒಂದು ಹೇಂಟೆಯನ್ನು ಮಾತ್ರ ಇಳಿಸಿಕೊಂಡ. ಹಿಂದಿನ ಅರ್ಧದ ಚಾವಣಿ ಕೊಯ್ದು ಸಾಮಾನು ಹೊರುವ ತೊಟ್ಟಿ ಮಾಡಿಕೊಳ್ಳುವುದು ಸುಭಾಗಿಯ ಯೋಚನೆ.

ಚಕ್ರ ಚಾವಣಿಗೆ ತಾಗಿತು. ಚಾವಣಿ ಹೊತ್ತ ಒಂದು ಕಂಬ ಕಡಿದಳು, ಎರಡನೆಯದು ಕಡಿದಳು. ಮೂರನೆಯದು ತುಂಡಾಗುತ್ತಲೇ ಇಡೀ ಕಾರು ಮುದುಕಿಯಂತೆ ನರಳಿ ನಡುವಿನಲ್ಲಿ ಕುಸಿಯಿತು. ಬಾಗಿಲು ಮುಚ್ಚಲು ನೋಡಿದಳು, ಬೆರಳಿನಷ್ಟು ಹೊರಗೇ ನಿಂತಿತು. ಇಂಥ ಕಾರಿಗೆ ಲಾರಿಯ ಹಾಗೆ ಅಡಿಯಲ್ಲಿ ಚಾಸಿ ಇರುವುದಿಲ್ಲ, ಮೈಯೇ ಬೆನ್ನೆಲುಬು, ಚಾವಣಿ ತೆಗೆಯುವ ಮುಂಚೆ ಬಾಗಿಲ ಚೌಕಕ್ಕೆ ಅಡ್ಡಪಟ್ಟಿ ಬೆಸೆದಿರಬೇಕು. ಇದು ಅವಳಿಗೆ ಗೊತ್ತಿತ್ತು. ಅವಸರದಲ್ಲಿ ಬಿಟ್ಟಿದ್ದಳು.

ಆ ತಪ್ಪನ್ನು ತಿದ್ದಲು ಹನ್ನೊಂದು ದಿನ ಹಿಡಿಯಿತು. ನಡುವಿಗೆ ಜಾಕು ಕೊಟ್ಟು ಕೂದಲೆಳೆಯಷ್ಟೇ ಎತ್ತುತ್ತ, ಮುಂದಿನಿಂದ ಹಿಂದಿನವರೆಗೆ ಎರಡು ಚೌಕದ ಪೈಪು ಬೆಸೆದಳು. ಬೆನ್ನ ಹಿಂದೆ ತಗಡಿನ ಗೋಡೆ ನಿಲ್ಲಿಸಿ, ಹಿಂಬಾಗಿಲಿನ ಗಾಜನ್ನೇ ಅದಕ್ಕೆ ಕೂಡಿಸಿದಳು. ಸೀಟಿದ್ದ ಜಾಗದಲ್ಲಿ ತೊಟ್ಟಿ ಬಂತು. ತೊಟ್ಟಿಯಲ್ಲಿ ಜನರೇಟರಿಗೆ ಒಂದು ಮೂಲೆ, ಗ್ಯಾಸ್ ಮತ್ತು ಆಕ್ಸಿಜನ್ ಸಿಲಿಂಡರುಗಳಿಗೆ ಒಂದು ಮೂಲೆ. ಎಡ ಬಾಗಿಲು ಸರಿಹೋಯಿತು. ಡ್ರೈವರ್ ಕಡೆಯದು ಮಾತ್ರ ಅರ್ಧಕ್ಕೇ ಕಚ್ಚುತ್ತಿತ್ತು. ಅದಕ್ಕೆ ತಂತಿ ಕಟ್ಟಿದಳು.

ಗಾಡಿಯ ಆಕಾರ ಬದಲಾದ್ದರಿಂದ ಸಾರಿಗೆ ಇನ್ಸ್‌ಪೆಕ್ಟರು ನೋಡಿ ಒಪ್ಪುವ ತನಕ ರಸ್ತೆಗೆ ಇಳಿಸುವಂತಿರಲಿಲ್ಲ. ಗುರುವಾರ ಬರುವುದಾಗಿ ಹೇಳಿದ್ದರು. ಅದಕ್ಕೆ ಮೊದಲು ಕಣ್ಣಿಗೆ ಬಿದ್ದರೆ ಎತ್ತಿಕೊಂಡು ಹೋಗುತ್ತೇವೆ ಎಂದು ಪೊಲೀಸ್ ಠಾಣೆಯ ವಿಲಿಕೇಸಾ ನಗುತ್ತಲೇ ಎಚ್ಚರಿಸಿ ಹೋಗಿದ್ದ.

ಮಂಗಳವಾರ ಮಧ್ಯಾಹ್ನ ಎರಡರ ಹೊತ್ತಿಗೆ ಫೋನ್ ಬಡಿದುಕೊಂಡಿತು. ಲಚ್ಮಯ್ಯ. ಗುಡ್ಡದಾಚೆ ದೊಡ್ಡ ಕಬ್ಬಿನ ಹೊಲವಿದ್ದವನು. ಹೋದ ವರ್ಷ ಅವನ ಟ್ರೇಲರಿನ ಕೊಂಡಿ ಸೀಳಿದಾಗ ಸುಭಾಗಿ ತಾನಾಗಿಯೇ ಕೇಳಿಕೊಂಡು ಹೋಗಿದ್ದಳು. "ಹೆಂಗಸು ಬೆಸೆದ ಕೊಂಡಿ ನಂಬಿ ಇಳಿಜಾರಲ್ಲಿ ಯಾರು ಇಳೀತಾರೆ" ಎಂದು ನಾಲ್ಕು ಜನರೆದುರು ಅಂದಿದ್ದ.

"ಬೇಟಿ, ಟ್ರೇಲರ್ ಮಗುಚಿದೆ. ಡ್ರೈವರ್ ಇಸಿಮೇಲಿ ಕೆಳಗೆ ಸಿಕ್ಕಾಕೊಂಡಿದಾನೆ. ಕಾಲು... ನಿನ್ನ ಹತ್ರ ಕಟ್ಟರ್ ಇದೆಯಲ್ಲ, ತಗೊಂಡು ಬಾ!"

"ಫೈರ್ ಇಂಜಿನ್?"

"ಲಬಾಸಾದಿಂದ ಹೊರಟಿದೆಯಂತೆ. ಆದ್ರೆ ನಮ್ಮ ಕಾಲುವೆ ಸೇತುವೆ ಅದನ್ನ ಹೊರಲ್ಲ. ಲಾರೀನೂ ದಾಟಲ್ಲ, ಕಬ್ಬು ಸಾಗಿಸೋ ದಾರೀಲಿ ಸುತ್ತಿ ಬಂದ್ರೆ ಎರಡು ಗಂಟೆ ಬೇಕು. ನೀನು ಬಾ."

ಸುಭಾಗಿ ಒಂದು ಕ್ಷಣ ಗಾಡಿಯನ್ನು ನೋಡಿದಳು. ಮನೆಯಂಗಳ ಬಿಟ್ಟು ಅದು ಇನ್ನೂ ಹೊರಗೆ ಹೋಗಿರಲಿಲ್ಲ. ಹಿಂದಿನ ದೀಪಗಳನ್ನು ಕೂಡಿಸಿರಲಿಲ್ಲ. ಹೊರೆ ಹೊತ್ತು ಗುಂಡಿ ಹಾರಿದರೆ ಬೆಸುಗೆ ತಡೆಯುವುದೋ ಇಲ್ಲವೋ ಆ ದೇವರೇ ಬಲ್ಲ. ಸಿಲಿಂಡರು, ಗ್ಯಾಸ್ ಕಟ್ಟರು, ಜಾಕು, ದಪ್ಪ ಪೈಪಿನ ತುಂಡುಗಳು, ಹಲಗೆಗಳು, ಕೈಗರಗಸ, ನೀರಿನ ಎರಡು ಕ್ಯಾನು ಎಲ್ಲವನ್ನೂ ತೊಟ್ಟಿಗೆ ಹಾಕಿದಳು. ಫುಲ್ಮತಿ ಸೆರಗಿನಿಂದ ಮಗಳ ಹಣೆಯ ಬೆವರು ಒರೆಸಿ ಹಿಂದೆ ಸರಿದಳು.

ಮಣ್ಣಿನ ದಾರಿಯಲ್ಲಿ ಪ್ರತಿ ಕುಲುಕಿಗೂ ಬೆನ್ನ ಹಿಂದಿನ ತಗಡು ಕಿರುಗುಟ್ಟುತ್ತಿತ್ತು. ಕಾಲುವೆ ಬಳಿ ಬ್ರೇಕು ಹಾಕಿದಳು. ಸೇತುವೆ ಅಂದರೆ ಗೆದ್ದಲು ತಿಂದ ಹಲಗೆಗಳು, ಅವುಗಳಡಿ ನಾಲ್ಕು ತೊಲೆ. ನಾಲ್ಕರಲ್ಲಿ ನೆಟ್ಟಗಿದ್ದದ್ದು ನಡುವಿನ ಎರಡೇ. ಇಳಿದು ಹೆಜ್ಜೆಯಿಂದ ಅಳೆದಳು. ಕಾರಿನ ಗಾಲಿಗಳ ನಡುವಿನ ಅಗಲವೂ ಆ ಎರಡು ತೊಲೆಗಳ ನಡುವಿನ ಅಗಲವೂ ಹೆಚ್ಚು ಕಮ್ಮಿ ಒಂದೇ. ಒಂದು ಗೇಣು ಆಚೀಚೆಯಾದರೆ ಸಿಲಿಂಡರಿನ ಜೊತೆ ತಾನೂ ಕಾಲುವೆಯಲ್ಲಿ. ಮೊದಲ ಗೇರಿನಲ್ಲಿ ಗಾಡಿ ಬಿಟ್ಟಳು. ನಡುವಿಗೆ ಬಂದಾಗ ಹಿಂದೆ ಹಲಗೆಯೊಂದು ಚಟ್ಟನೆ ಮುರಿಯಿತು, ಕಾರಿನ ಮೈ ತಿರುಚಿತು, ತಂತಿ ಕಿತ್ತು ಬಾಗಿಲು ಹಾರಿ ತೆರೆದುಕೊಂಡಿತು. ಕೆಳಗೆ ಕಪ್ಪು ನೀರು ಕಂಡಿತು. ಅವಳು ಅತ್ತ ನೋಡಲಿಲ್ಲ. ಮುಂದಿನ ಗಾಲಿ ಮಣ್ಣು ಮುಟ್ಟುವವರೆಗೆ ಉಸಿರನ್ನೂ ಬಿಡಲಿಲ್ಲ.

ಹೊಲದಲ್ಲಿ ಕಬ್ಬು ಕಡಿಯುವ ಹದಿನೈದು ಜನ ಸುತ್ತ ನಿಂತಿದ್ದರು. ಟ್ರಾಕ್ಟರು ಪಕ್ಕಕ್ಕೆ ವಾಲಿತ್ತು. ಕಬ್ಬು ತುಂಬಿದ ಟ್ರೇಲರು ಪೂರ್ತಿ ಮಗುಚಿ, ಅದರ ಪಕ್ಕದ ಕಬ್ಬಿಣದ ಗೂಟವೊಂದು ಡ್ರೈವರ್ ಇಸಿಮೇಲಿಯ ಮೊಣಕಾಲ ಕೆಳಗೆ ಅಡ್ಡಬಿದ್ದು ನೆಲಕ್ಕೆ ಒತ್ತಿತ್ತು. ಕಬ್ಬು ಇಳಿಸಲು ಕೈ ಹಾಕಿದಾಗ ಟ್ರೇಲರು ಅವನತ್ತಲೇ ಜಾರಿತಂತೆ. ಆಮೇಲೆ ಯಾರೂ ಮುಟ್ಟಿರಲಿಲ್ಲ.

ಸುಭಾಗಿ ಮಂಡಿಯೂರಿದಳು. ಇಸಿಮೇಲಿಯ ಮುಖ ಬೂದಿಯಾಗಿತ್ತು.

"ದೀದಿ, ಕಾಲು ಇದೆಯಾ ನೋಡಿ ಹೇಳು. ನಂಗೆ ಕಾಣಿಸ್ತಾ ಇಲ್ಲ."

"ಇದೆ."

"ಎರಡೂ?"

"ಎರಡೂ ಇವೆ. ಸುಮ್ನೆ ಮಲಕ್ಕೋ."

ಏಳುವಾಗ ಅಂಗೈ ಜಿಗುಟಾಯಿತು. ಮೂಸಿ ನೋಡಿದಳು. ಡೀಸೆಲ್. ಟ್ರಾಕ್ಟರಿನ ಟ್ಯಾಂಕು ಒಡೆದು ತೊಟ್ಟಿಕ್ಕುತ್ತಿತ್ತು. ಪಾದ ಮುಳುಗುವಷ್ಟು ಬಿದ್ದಿದ್ದ ಕಬ್ಬಿನ ಒಣ ಎಲೆಯ ರವದಿಯೆಲ್ಲ ಅದನ್ನು ದೀಪದ ಬತ್ತಿಯ ಹಾಗೆ ಹೀರಿಕೊಂಡಿತ್ತು. ಅಕ್ಟೋಬರಿನ ಬಿಸಿಲು, ಮೇಲೆ ಗಾಳಿ.

ಅಷ್ಟರಲ್ಲಿ ಲಚ್ಮಯ್ಯ ಸಿಲಿಂಡರನ್ನು ಇಳಿಸಿಯೇ ಬಿಟ್ಟಿದ್ದ. "ಹಚ್ಚು, ಹಚ್ಚು! ಐದು ನಿಮಿಷದ ಕೆಲಸ!"

"ಹಚ್ಚಿದ್ರೆ ಐದು ನಿಮಿಷ ಯಾಕೆ ಕಾಕಾ, ಒಂದೇ ನಿಮಿಷ ಸಾಕು. ನೆಲ ಮೂಸಿ ನೋಡಿ."

"ನೀರು ಹಾಕೋಣ, ರವದಿ ಸರಿಸೋಣ!"

"ಟ್ರೇಲರ್ ಅಡಿ ಇರೋದನ್ನ ಯಾರು ಸರಿಸ್ತಾರೆ? ಬೆಂಕಿ ಬೇಡ. ಗರಗಸದಲ್ಲಿ ಕೊಯ್ತೀನಿ."

"ಗರಗಸದಲ್ಲಾ?" ಲಚ್ಮಯ್ಯನ ದನಿ ಕೀರಲಾಯಿತು. "ಅಂಗೈಯಗಲ ಕಬ್ಬಿಣ ಅದು! ನೀನು ಕೊಯ್ಯೋದ್ರೊಳಗೆ ಅವನು ಸತ್ತೋಗ್ತಾನೆ. ಕೈಲಾಗಲ್ಲ ಅಂದ್ರೆ ಹೇಳು, ಕೊಡಿಲ್ಲಿ, ನಾನೇ ಮಾಡ್ತೀನಿ!"

ಅವನು ಕಟ್ಟರಿಗೆ ಕೈ ಹಾಕಿದ. ಸುಭಾಗಿ ಸಿಲಿಂಡರಿನ ಗ್ಯಾಸ್ ತೆರೆಯುವ ಕೀಲಿ ಕಿತ್ತು ಪ್ಯಾಂಟಿನ ಜೇಬಿಗೆ ಇಳಿಸಿದಳು. ಇಬ್ಬರೂ ಎದುರುಬದುರು ನಿಂತರು. ಗುಂಪಿನಲ್ಲಿ ಗುಸುಗುಸು ಎದ್ದಿತು, ಹೆಚ್ಚಿನವರು ಲಚ್ಮಯ್ಯನ ಕಡೆಗೇ. ತಾನು ಹೇಳಿದ್ದು ಸುಳ್ಳಾದರೆ, ತಡವಾಗಿಯೇ ಇವನು ಸತ್ತರೆ, ಈ ಹದಿನೈದು ಜನರ ಮುಖವನ್ನು ಮತ್ತೆ ನೋಡುವುದು ಹೇಗೆ?

ಕೆಳಗಿನಿಂದ ಇಸಿಮೇಲಿ ಕೂಗಿದ. "ಲಚ್ಮಯ್ಯ ಕಾಕಾ, ಡೀಸೆಲ್ ನನ್ನ ಅಂಗೀಲೂ ಇದೆ. ಅಡಿಯಲ್ಲಿರೋನು ನಾನು ತಾನೇ? ದೀದಿ ಹೇಳಿದ ಹಾಗೇ ಆಗ್ಲಿ."

ಲಚ್ಮಯ್ಯ ಕೈ ಕೆಳಗೆ ಬಿಟ್ಟ.

ಸುಭಾಗಿ ಮೊದಲು ಪೈಪಿನ ತುಂಡುಗಳನ್ನು ಟ್ರೇಲರಿನ ಅಂಚಿಗೆ ಊರುಗೋಲಿನಂತೆ ಒರಗಿಸಿ, ಬುಡಕ್ಕೆ ಹಲಗೆ ಕೊಟ್ಟು, ಜಾಕಿನಿಂದ ಬಿಗಿ ಮಾಡಿದಳು. ಗೂಟ ತುಂಡಾದ ಗಳಿಗೆಯಲ್ಲಿ ಟ್ರೇಲರು ಕೂರಬಾರದು. ಬೀಡಿ ಸಿಗರೇಟನ್ನೆಲ್ಲ ಕಸಿದು ದೂರ ಕಳಿಸಿದಳು. ಆಮೇಲೆ ಇಸಿಮೇಲಿಯ ಪಕ್ಕದಲ್ಲೇ ಅಂಗಾತ ಮಲಗಿ, ತೋಳಿನಷ್ಟೇ ಜಾಗದಲ್ಲಿ ಗರಗಸ ಎಳೆಯತೊಡಗಿದಳು. ಒಬ್ಬ ಬ್ಲೇಡಿನ ಮೇಲೆ ಹನಿಹನಿಯಾಗಿ ನೀರು ಬಿಡುತ್ತಿದ್ದ. ಕಬ್ಬಿಣದ ಪುಡಿ ಕಣ್ಣಿಗೆ ಬೀಳುತ್ತಿತ್ತು. ಎರಡು ಕಡೆ ಕೊಯ್ಯಬೇಕು. ಮೊದಲ ಬ್ಲೇಡು ಮುರಿಯಿತು, ಎರಡನೆಯದೂ ಮುರಿಯಿತು. ಇದ್ದದ್ದು ಐದು.

"ಮಾತಾಡ್ತಾ ಇರು ಇಸಿಮೇಲಿ. ನಿದ್ದೆ ಮಾಡಬೇಡ."

"ಏನ್ ಮಾತಾಡ್ಲಿ?"

"ನನ್ನ ಕಾರು ನೋಡಿದ್ಯಾ?"

"ನೋಡ್ದೆ. ಅರ್ಧ ಎಲ್ಲಿ ಬೀಳಿಸ್ಕೊಂಡು ಬಂದೆ?"

ಅವಳಿಗೆ ನಗು ಬಂತು, ಬಂದದ್ದೇ ಅಳುವಾಗಿ ತಿರುಗಲು ನೋಡಿತು. ಹಲ್ಲು ಕಚ್ಚಿ ಎಳೆದಳು. ಮೊದಲ ಕಡೆ ತುಂಡಾದಾಗ ಟ್ರೇಲರು ಒಮ್ಮೆ ಗುರ್ರೆಂದಿತು. ಜನ ಹೋ ಎಂದು ಹಿಂದಕ್ಕೆ ಹಾರಿದರು. ಊರುಗೋಲುಗಳು ಮಣ್ಣಿನಲ್ಲಿ ಎರಡು ಬೆರಳು ಇಳಿದು ನಿಂತವು. ಈಗ ಜಾಕಿನ ಹಿಡಿ ಹಿಡಿದು ಕೂತವನು ಯಾರೆಂದು ಅವಳು ಕತ್ತು ತಿರುಗಿಸಿ ನೋಡಿದಳು: ಲಚ್ಮಯ್ಯ. ಟ್ರೇಲರು ಉರುಳಿದರೆ ಮೊದಲು ಸಿಗುವವನು ಅವನೇ. ಆದರೂ ಹಿಡಿ ಬಿಟ್ಟಿರಲಿಲ್ಲ.

ಕೊನೆಯ ಬ್ಲೇಡಿನಲ್ಲಿ ಎರಡನೆಯ ಕಡೆಯೂ ತುಂಡಾಯಿತು. ಮುಕ್ಕಾಲು ಗಂಟೆ ಆಗಿತ್ತು. ಗೂಟದ ತುಂಡು ಕಳಚಿ ಬಿದ್ದ ಕೂಡಲೇ ಇಸಿಮೇಲಿ ಚೀರಿ ಪ್ರಜ್ಞೆ ತಪ್ಪಿದ. ನಾಲ್ಕು ಜನ ಅವನನ್ನು ಎಳೆದುಕೊಂಡರು.

ತೊಟ್ಟಿಯಲ್ಲಿ ಉಳಿದಿದ್ದ ಜನರೇಟರು, ಸಾಮಾನು ಎಲ್ಲ ಹೊಲದಲ್ಲೇ ಇಳಿಯಿತು. ಕಬ್ಬಿನ ಸೋಗೆ ಹಾಸಿ ಅವನನ್ನು ಮಲಗಿಸಿದರು. ಆಳು ಉದ್ದ, ತೊಟ್ಟಿ ಗಿಡ್ಡ, ಕಾಲನ್ನು ಹಲಗೆಗೆ ಕಟ್ಟಿ ಹಿಂದೆ ಹೊರಗೆ ಚಾಚಿದರು. ಇಬ್ಬರು ಪಕ್ಕದಲ್ಲಿ ಕೂತು ಹಿಡಿದುಕೊಂಡರು. ಆ ಭಾರಕ್ಕೆ ಹಿಂದಿನ ಸ್ಪ್ರಿಂಗು ನೆಲಕಚ್ಚಿ, ಟೈರು ತಗಡಿಗೆ ಉಜ್ಜಿ ಸುಟ್ಟ ವಾಸನೆ ಬಂತು. ಸೇತುವೆಯ ಬಳಿ ಆ ಇಬ್ಬರನ್ನೂ ಇಳಿಸಿ, ಒಬ್ಬನನ್ನು ಮುಂದೆ ನಡೆಸಿ, ಅವನ ಕೈಸನ್ನೆ ನೋಡಿಕೊಂಡೇ ದಾಟಿದಳು. ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದು ಕೈಯಲ್ಲಿ ಬಾಗಿಲು.

ಆಚೆ ದಡದಲ್ಲಿ ಆಂಬುಲೆನ್ಸು, ಫೈರ್ ಇಂಜಿನ್ನು ನಿಂತಿದ್ದವು. ಪಕ್ಕದಲ್ಲಿ ವಿಲಿಕೇಸಾ. ಇಸಿಮೇಲಿಯನ್ನು ಒಯ್ದ ಮೇಲೆ ಅವನು ಕಾರನ್ನು ಒಂದು ಸುತ್ತು ಹಾಕಿ ಪುಸ್ತಕ ತೆಗೆದ.

"ದೀಪ ಇಲ್ಲ, ಸರ್ಟಿಫಿಕೇಟ್ ಇಲ್ಲ. ಬಾಗಿಲು ಅಂತೂ ಬಿಡು."

"ಬರ್ಕೋ," ಅಂದಳು ಸುಭಾಗಿ. ಬಂಪರಿನ ಮೇಲೆ ಕುಸಿದಳು.

ಅವನು ಬರೆದುಕೊಂಡ. ಎತ್ತಿಕೊಂಡು ಹೋಗಲಿಲ್ಲ, ತನ್ನ ಜೀಪಿಗೆ ಹಗ್ಗ ಕಟ್ಟಿ ಶೆಡ್ಡಿನವರೆಗೆ ತಾನೇ ಎಳೆದುಕೊಂಡು ಬಂದ. "ರಸ್ತೆ ಮೇಲೆ ಅದು ಓಡಿಲ್ಲ, ನಾನು ಎಳ್ಕೊಂಡು ಬಂದಿದ್ದು," ಅಂದು ಹೋದ.

ಇಸಿಮೇಲಿಯ ಕಾಲು ಉಳಿಯಿತು. ಎರಡು ಸಲ ಆಪರೇಷನ್ ಆಯಿತು, ಸ್ವಲ್ಪ ಕುಂಟು ಉಳಿಯಿತು. ಗುರುವಾರ ಇನ್ಸ್‌ಪೆಕ್ಟರು ಗಾಡಿಯನ್ನು ಸಾರಾಸಗಟಾಗಿ ತಿರಸ್ಕರಿಸಿದರು. ಸುದ್ದಿ ಅವರಿಗೂ ಮುಟ್ಟಿತ್ತು. "ಜೀವ ಉಳಿಸಿದ್ದಕ್ಕೆ ನಾನೂ ಕೈ ಮುಗೀತೀನಿ. ಆದ್ರೆ ಬಾಗಿಲು ಮುಚ್ಚದ ಗಾಡಿಗೆ ಸಹಿ ಹಾಕಲ್ಲ" ಎಂದರು. ಸುಭಾಗಿಗೆ ಸಿಟ್ಟು ಬರಲಿಲ್ಲ. ಸೇತುವೆಯ ಮೇಲೆ ಆ ಬಾಗಿಲಿನಲ್ಲಿ ಕಪ್ಪು ನೀರು ಕಂಡವಳು ಅವಳೇ. ಮತ್ತೆ ಮೈ ಬಿಚ್ಚಿ, ಮೂರನೆಯ ಪೈಪು ಹಾಕಿ, ಬಾಗಿಲು ಪೂರ್ತಿ ಮುಚ್ಚುವಂತೆ ಮಾಡಿ, ಹಿಂದಿನ ದೀಪಗಳನ್ನೂ ವ್ಯಾನೊಂದರ ಗಟ್ಟಿ ಸ್ಪ್ರಿಂಗನ್ನೂ ಕೂಡಿಸಿದಳು. ಮೂರು ವಾರದ ನಂತರ ಸಹಿ ಬಿತ್ತು.

ಸಹಿ ಬಿದ್ದ ಮಾರನೆಯ ಬೆಳಿಗ್ಗೆ ಲಚ್ಮಯ್ಯ ಟ್ರೇಲರ್ ಬೆಸೆಯಲು ಕರೆದ. ಟ್ರೇಲರನ್ನು ಮನೆಯ ಮುಂದಿನ ಬಯಲಿಗೆ ತಂದು ನಿಲ್ಲಿಸಿದ್ದ. ಅವಳು ಹೋದಾಗ ಕೊಯ್ಲು ಮುಗಿದ ಹೊಲಕ್ಕೆ ಆಳುಗಳು ಬೆಂಕಿ ಹಚ್ಚುತ್ತಿದ್ದರು, ಪ್ರತಿ ವರ್ಷದಂತೆ. ಬೆಂಕಿ ಸಾಲುಸಾಲಾಗಿ ತನ್ನ ಪಾಡಿಗೆ ಚಟಪಟ ಅನ್ನುತ್ತ ಸಾಗಿತ್ತು. ಟ್ರೇಲರು ಬಿದ್ದಿದ್ದ ಜಾಗಕ್ಕೆ ಬಂದಾಗ ಮಾತ್ರ ಕಪ್ಪು ಹೊಗೆ ಉಗುಳಿ, ಒಮ್ಮೆಗೇ ಎರಡಾಳೆತ್ತರ ಎದ್ದಿತು. ಮೂರು ವಾರದ ಹಿಂದೆ ಚೆಲ್ಲಿದ ಡೀಸೆಲು ಅದು.

ಸುಭಾಗಿಯ ಪಕ್ಕದಲ್ಲಿ ಲಚ್ಮಯ್ಯ ತಲೆಗೆ ಸುತ್ತಿದ್ದ ಟವೆಲು ತೆಗೆದು ಬಾಯಿಗೆ ಒತ್ತಿಕೊಂಡು ನಿಂತಿದ್ದ.

"ನಾನು ಹಚ್ಚಿಬಿಡ್ತಿದ್ದೆ," ಅಂದ. "ಕೀಲಿ ಸಿಕ್ಕಿದ್ರೆ ಹಚ್ಚೇ ಬಿಡ್ತಿದ್ದೆ, ಬೇಟಿ."

"ಜಾಕು ಹಿಡಿದಿದ್ದೂ ನೀವೇ ಕಾಕಾ," ಅಂದಳು ಅವಳು.

ಅವನು ತಾನೇ ತೊಟ್ಟಿಯ ಬಾಗಿಲು ಬಿಚ್ಚಿ, ಜನರೇಟರಿನ ಒಂದು ತುದಿ ಹಿಡಿದು ಅವಳು ಇನ್ನೊಂದು ತುದಿ ಹಿಡಿಯುವುದನ್ನು ಕಾದ.