ಬುಟ್ಟಿಯಲ್ಲಿ ಇಳಿಸಿದ ಕುಂಬಳದೆಲೆ

ರಾಮಕ್ಕನ ಮುಖಕ್ಕಿಂತ ಅವಳ ನೆತ್ತಿ ನನಗೆ ಚೆನ್ನಾಗಿ ಗೊತ್ತು. ನಡು ಬೈತಲೆ, ಅದರ ಎರಡೂ ಪಕ್ಕ ನರೆ, ಸೊಪ್ಪಿನ ಮಂಕರಿ ಹೊತ್ತು ಹೊತ್ತು ಕೂದಲು ಸವೆದು ರೂಪಾಯಿಯಗಲ ಬೋಳಾದ ಜಾಗ. ನಾನು ಎರಡನೇ ಮಹಡಿಯ ಬಾಲ್ಕನಿಯಲ್ಲಿ, ಅವಳು ಕೆಳಗೆ ಕಾಂಪೌಂಡಿನಾಚೆ ರಸ್ತೆಯಲ್ಲಿ. ಸೊಪ್ಪು ಮಾರುವವರನ್ನು ಗೇಟಿನೊಳಗೆ ಬಿಡುತ್ತಿರಲಿಲ್ಲ, ನಾನು ಗೇಟಿನಾಚೆ ಹೋಗುವ ಹಾಗಿರಲಿಲ್ಲ. ಹಗ್ಗ ಕಟ್ಟಿದ ಒಂದು ಪ್ಲಾಸ್ಟಿಕ್ ಬುಟ್ಟಿ ನಮ್ಮಿಬ್ಬರ ನಡುವೆ ಹತ್ತಿ ಇಳಿಯುತ್ತಿತ್ತು.

ಮಗಳು ಸುಮಳಿಗೆ ಐದು ತಿಂಗಳು ತುಂಬಿತ್ತು. ಹಿಂದೆ ಒಂದು ಬಸಿರು ನಿಂತಿರಲಿಲ್ಲ. ಅದಕ್ಕೇ ಡಾಕ್ಟರಮ್ಮ, ಬಚ್ಚಲಿಗೆ ಬಿಟ್ಟು ಬೇರೆಲ್ಲಿಗೂ ಏಳಬಾರದು ಎಂದುಬಿಟ್ಟರು. ಗೌರಿಬಿದನೂರಿನಿಂದ ಹದಿನೈದು ದಿನಕ್ಕೆಂದು ಬಂದ ನಾನು ಜಕ್ಕೂರಿನ ಆ ಎರಡು ಕೋಣೆಗಳಲ್ಲಿ ಹೆರಿಗೆಗೆ ಮುಂಚೆಯೇ ನಾಲ್ಕು ತಿಂಗಳು ಕಳೆದೆ. ಅಳಿಯ ಎಂಟಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಅವಳನ್ನು ಒಬ್ಬಳೇ ಬಿಟ್ಟು ಬಾಗಿಲು ದಾಟಲು ನನಗೆ ಧೈರ್ಯವಿಲ್ಲ. ಅಲ್ಲಿನ ವಿಮಾನ ಕಲಿಸುವ ಶಾಲೆಯ ಪುಟಾಣಿ ವಿಮಾನಗಳು ಮನೆಯ ಮೇಲೆ ಸುತ್ತು ಹೊಡೆದು ಹೊಡೆದು, ಎಲ್ಲಿಗೂ ಹೋಗದೆ ಹೊರಟ ಜಾಗಕ್ಕೇ ಇಳಿಯುತ್ತಿದ್ದವು. ಇವಕ್ಕೂ ನನ್ನದೇ ಹಣೆಬರಹ ಅಂದುಕೊಳ್ಳುತ್ತಿದ್ದೆ.

ಬಂದ ವಾರದಲ್ಲೇ ಹುಳಿಗೆ ಸಿಹಿಗುಂಬಳ ಹೆಚ್ಚುವಾಗ ಒಂದು ಬೀಜವನ್ನು ಬಾಲ್ಕನಿಯ ಪೇಂಟ್ ಡಬ್ಬಕ್ಕೆ ಊರಿದ್ದೆ. ಅದು ಮೊಳಕೆ ಒಡೆದ ದಿನವೇ ಸ್ಕ್ಯಾನಿಂಗಿನಲ್ಲಿ ಮಗು ಚೆನ್ನಾಗಿದೆ ಎಂದರು. ನನ್ನ ಮನಸ್ಸು ಸುಮ್ಮನಿರಬೇಕಲ್ಲ! ಈ ಬಳ್ಳಿ ಉಳಿದರೆ ಆ ಕೂಸೂ ಉಳಿಯುತ್ತದೆ ಎಂದು ಒಳಗೇ ಗಂಟು ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ತಿಂಗಳಾಗುವಷ್ಟರಲ್ಲಿ ಎಲೆಗಳಲ್ಲಿ ತೂತು ಬಿತ್ತು. ಅದನ್ನು ಮೊದಲು ಕಂಡವಳು ರಾಮಕ್ಕ, ಅದೂ ರಸ್ತೆಯಿಂದ.

"ಮ್ಯಾಲಿನಕ್ಕಾ, ನಿನ್ ಬಳ್ಳಿ ಜರಡಿ ಆಗ್ಬಿಟ್ಟದಲ್ಲೇ! ಒಂದೆಲೆ ಇಳ್ಸು ನೋಡವಾ."

ಇಳಿಸಿದೆ. ಅವಳು ಎಲೆಯನ್ನು ಮೊದಲು ಮಗುಚಿ ಬೆನ್ನು ನೋಡಿದಳು. ಆಮೇಲೆ ಮೂಸಿದಳು. ಕೊನೆಗೆ ಬಿಸಿಲಿಗೆ ಹಿಡಿದಳು. ಯಾವ ಎಲೆ ಕೊಟ್ಟರೂ ಇದೇ ಕ್ರಮ.

"ಕೆಂಪು ಉಳ ಕಣಕ್ಕ. ಒತ್ತೇರಿದ್ರೆ ಆರೋಯ್ತವೆ, ಕೈಗೆ ಸಿಗಲ್ಲ. ಬೆಳಿಗ್ಗೆ ಮಂಜಿರೋವಾಗ ಜಡವಾಗಿರ್ತವೆ. ಆಗ ಆಯ್ದು ಸೋಪಿನ್ ನೀರಿಗ್ ಆಕು. ಎಲೆ ಮೇಲೆ ಒಲೆ ಬೂದಿ ಉದುರ್ಸು."

"ಗ್ಯಾಸಿನ ಮನೇಲಿ ಬೂದಿ ಎಲ್ಲಿಂದ ತರ್ಲಿ ರಾಮಕ್ಕಾ?"

"ಅಯ್ಯೋ, ಇಷ್ಟೆತ್ತರ ಮನೆ ಕಟ್ಟವ್ರೆ, ಒಂದ್ ಚಮಚ ಬೂದಿ ಇಲ್ವಾ!" ಎಂದು ರಸ್ತೆಗೆಲ್ಲ ಕೇಳುವಂತೆ ನಕ್ಕಳು. ಮಾರನೇ ದಿನ ದಂಟಿನ ಸೊಪ್ಪಿನ ಜೊತೆ, ಅವಳ ಮನೆಯ ನೀರೊಲೆಯ ಬೂದಿ ಪೇಪರಿನ ಪೊಟ್ಟಣದಲ್ಲಿ ಮೇಲೆ ಬಂತು. ಹುಳ ಹೋಯಿತು.

ಇನ್ನೊಂದು ಸಲ ಎಲೆಯ ಮೇಲೆ ಬಿಳಿ ಬಿಳಿ ಡೊಂಕು ಗೆರೆ ಮೂಡಿತ್ತು. "ರಂಗೋಲಿ ಉಳ. ನಿಮ್ಮನೆ ಮುಂದೆ ಯಾರೂ ರಂಗೋಲಿ ಬಿಡಲ್ಲ ಅಂತ ಅದೇ ಬಿಟ್ಟದೆ. ಆ ಎಲೆ ಕಿತ್ ಬಿಸಾಕು, ಅಷ್ಟೇ" ಎಂದಳು. ಅಳಿಯ ಎರಡು ದಿನದಿಂದ ಮಾತಾಡುತ್ತಿಲ್ಲ ಎಂದು ನಾನು ಗೊಣಗಿದಾಗಲೂ ಅವಳದು ಎಲೆಯ ಮಾತೇ: "ಮಗ್ಚಿ ನೋಡಕ್ಕ. ಮೇಲ್ ಮೇಲೆ ನೋಡ್ಬ್ಯಾಡ." ಕೇಳಿದರೆ, ಪಾಪ, ಅವನಿಗೆ ಹಲ್ಲುನೋವು!

ಬಳ್ಳಿ ಕಂಬಿಗೆಲ್ಲ ಹಬ್ಬಿತು. ದಾರಿಯಲ್ಲಿ ಹೋಗುವವರು ತಲೆಯೆತ್ತಿ ನೋಡತೊಡಗಿದರು. ನನಗೆ ಭಯ ಶುರುವಾಯಿತು. ದೃಷ್ಟಿ ತಾಗಬಾರದೆಂದು ನನ್ನ ಹಳೆಯ ಸೀರೆಯನ್ನು ಕಂಬಿಗೆ ಸುತ್ತ ಕಟ್ಟಿದೆ. ಅದೇ ಕೈಯಲ್ಲಿ, ಬಾಲ್ಕನಿಗೆ ತೆರೆಯುವ ಮಗಳ ಕೋಣೆಯ ಕಿಟಕಿಯನ್ನೂ ಮುಚ್ಚಿದೆ. ಬೂದಿಯನ್ನು ಮಾತ್ರ ವಾರ ವಾರ ಉದುರಿಸುತ್ತಲೇ ಇದ್ದೆ. ಎಲೆಗಳು ಬೆಳ್ಳಗಾದವು. ಬೂದಿ ಚೆನ್ನಾಗಿ ಹಿಡಿದಿದೆ ಎಂದು ನಾನು ಖುಷಿಯಲ್ಲಿದ್ದೆ.

ಸೊಪ್ಪಿನ ಬುಟ್ಟಿ ಇಳಿಸಲು ಸೀರೆ ಸರಿಸಿದ ಹೊತ್ತಿನಲ್ಲಿ ರಾಮಕ್ಕನಿಗೆ ಅದು ಕಂಡಿತು.

"ಬೂದಿ ಯಾವಾಗ್ ಆಕಿದ್ದೆ?"

"ಎಂಟು ದಿನ ಆಯ್ತು."

"ಎಂಟು ದಿನದ್ ಬೂದಿ ಅಷ್ಟೊಂದ್ ಬೆಳ್ಳಗಿರ್ತದಾ? ಒಂದೆಲೇನ ಅರ್ಧ ಒದ್ದೆ ಬಟ್ಟೇಲಿ ಒರ್ಸಕ್ಕ. ಗುರ್ತಿಗೆ ತೊಟ್ಟಿಗೆ ದಾರ ಕಟ್ಟು. ಇನ್ ಬೂದಿ ಮುಟ್ಬ್ಯಾಡ. ಮೂರ್ ದಿನ ಬಿಟ್ ನೋಡವಾ."

ಆ ಮೂರು ದಿನ ಗಳಿಗೆಗೊಮ್ಮೆ ಹೋಗಿ ದಾರ ಕಟ್ಟಿದ ಎಲೆಯನ್ನು ನೋಡಿ ಬಂದೆ. ಮೂರನೆಯ ಬೆಳಿಗ್ಗೆ, ಒರೆಸಿದ ಅರ್ಧದ ಮೇಲೆ ಹಿಟ್ಟು ಸಿಡಿದ ಹಾಗೆ ಬಿಳಿ ಚುಕ್ಕೆಗಳು ಮತ್ತೆ ಎದ್ದಿದ್ದವು. ಬೂದಿ ಒರೆಸಿದರೆ ಹೋಗುತ್ತದೆ, ಇದು ಹೋಗುವಂಥದ್ದಲ್ಲ. ರೋಗ ನನ್ನ ಬೂದಿಯ ಮರೆಯಲ್ಲೇ ಬೆಳೆದಿತ್ತು. ಎಲೆಯನ್ನು ಇಳಿಸಿದೆ. ರಾಮಕ್ಕ ಮಗುಚಿದಳು, ಮೂಸಿದಳು, ಬಿಸಿಲಿಗೆ ಹಿಡಿದಳು.

"ಸೀರೆ ಯಾಕ್ ಕಟ್ಟಿದ್ದೀ?"

"ದೃಷ್ಟಿ ಆಗುತ್ತೆ ಅಂತ."

"ದೃಷ್ಟಿ ಅಲ್ಲ, ಗಾಳಿ ಇಲ್ದೆ ಸಾಯ್ತಾ ಅದೆ. ಸೀರೆ ಬಿಚ್ಚು. ಬೆಳ್ಳಗಾಗಿರೋವೆಲ್ಲ ಬುಡಕ್ಕೆ ಕೊಯ್ದಾಕು. ಮಿಕ್ಕಿದ್ದಕ್ಕೆ, ಉಳಿ ಮಜ್ಜಿಗೆ ಒಂದ್ ಲೋಟಕ್ಕೆ ಒಂಬತ್ ಲೋಟ ನೀರು ಬೆರ್ಸಿ ಬೆಳಿಗ್ಗೆ ಒತ್ತು ಸಿಂಪಡ್ಸು. ಸಂಜೆ ಎಲೆ ಮೇಲೆ ನೀರ್ ಉಯ್ಬ್ಯಾಡ, ಬುಡಕ್ ಉಯ್ಯಿ."

ಎಣಿಸಿದೆ. ಕೊಯ್ಯಬೇಕಾದ ಎಲೆಗಳು ಒಂಬತ್ತು. ಕತ್ತರಿ ತಂದೆ. ತೊಟ್ಟಿಗೆ ಇಟ್ಟೆ. ಕೈ ಮುಚ್ಚಲಿಲ್ಲ. ಒಳಗೆ ಮಗಳು ಮಗ್ಗುಲಾಗಿ ನರಳಿದ್ದು ಕೇಳಿತು. ಯಾಕೆ ಕೊಯ್ಯಲಾಗದು ಎಂಬುದನ್ನು ಬಾಲ್ಕನಿಯಿಂದ ರಾಮಕ್ಕನಿಗೆ ಕೂಗಿ ಹೇಳುವಂತಿಲ್ಲ, ಅವಳ ಕಿವಿಗೆ ಬೀಳುತ್ತದೆ. ಅವಳಿಗೆ ಮತ್ತೆ ನಿದ್ದೆ ಹತ್ತುವವರೆಗೆ ಕಾದು, ಬಾಗಿಲಿಗೆ ಬೀಗ ಹಾಕಿಕೊಂಡು, ಎರಡೂವರೆ ತಿಂಗಳಲ್ಲಿ ಮೊದಲ ಸಲ ಮೆಟ್ಟಿಲಿಳಿದೆ.

"ಏನಕ್ಕಾ, ಕಾಲ್ ಬಂತಾ ನಿಂಗೆ?" ಎಂದಳು, ಗೇಟಿನಾಚೆ ಇನ್ನೂ ಸೊಪ್ಪು ಕಟ್ಟುತ್ತ ಕೂತಿದ್ದ ರಾಮಕ್ಕ.

ಆಗ ಮೊದಲ ಬಾರಿಗೆ ಹತ್ತಿರದಿಂದ ಅವಳ ಮುಖ ನೋಡಿದೆ. ಎರಡೂ ಕಡೆ ಮೂಗುಬೊಟ್ಟು. ಎಡಗಣ್ಣಿಗೆ ಪೊರೆ ಬಂದು ಪೂರ್ತಿ ಬಿಳಿಯಾಗಿತ್ತು. ಅಷ್ಟು ಕೆಳಗಿನಿಂದ ನನ್ನ ಬಳ್ಳಿಯ ರೋಗ ಪತ್ತೆ ಹಚ್ಚಿದ್ದು ಒಂದೇ ಕಣ್ಣು!

"ಆ ಎಲೆ ಕೊಯ್ಯೋಕೆ ನನ್ ಕೈಲಿ ಆಗಲ್ಲ ರಾಮಕ್ಕಾ. ಮಗಳ ಹೊಟ್ಟೇಲಿರೋದಕ್ಕೂ ಬಳ್ಳಿಗೂ ಮನಸ್ಸಲ್ಲೇ ಗಂಟು ಹಾಕ್ಬಿಟ್ಟಿದ್ದೀನಿ" ಎಂದೆ. ಹೇಳುವಾಗ ಅಳು ಬಂತು.

ಎಲ್ಲಕ್ಕೂ ನಗುವ ರಾಮಕ್ಕ ನಗಲಿಲ್ಲ. ಮೆಂತ್ಯದ ಕಟ್ಟಿಗೆ ಬಾಳೆನಾರು ಸುತ್ತುತ್ತಲೇ ಹೇಳಿದಳು: "ನಾನು ಏಳು ಮಕ್ಳು ಎತ್ತಿದೀನಿ. ನಾಕು ಉಳ್ಕೊಂಡವು. ಏಳು ಸಲಾನೂ ನಮ್ ಇತ್ಲಲ್ಲಿ ಕುಂಬಳದ ಬಳ್ಳಿ ಚೆನ್ನಾಗೇ ಇತ್ತು ಕಣಕ್ಕ."

ನಾರಿಗೆ ಗಂಟು ಹಾಕಿ, ಮಿಕ್ಕ ತುದಿಯನ್ನು ಹಲ್ಲಲ್ಲಿ ಕಡಿದಳು.

"ಬಳ್ಳೀದು ಬಳ್ಳಿಗೆ, ಕೂಸಿಂದು ಕೂಸಿಗೆ. ಓಗು, ಮಗು ಎದ್ದುಬಿಟ್ಟಾಳು" ಎಂದು ಆ ಮೆಂತ್ಯದ ಕಟ್ಟನ್ನು ನನ್ನ ಕೈಗೆ ತುರುಕಿದಳು. ಅವಳು ಮಗು ಎಂದದ್ದು ನನ್ನ ಸುಮಳನ್ನು.

ಮೇಲೆ ಹೋದರೆ ಸುಮ ಎದ್ದೇ ಇದ್ದಳು. "ಬೀಗ ಹಾಕ್ಕೊಂಡು ಹೋದ್ಯಾ ಅಮ್ಮಾ? ಆ ಕಿಟಕಿನಾದ್ರೂ ತೆಗಿ. ಉಸಿರು ಕಟ್ಟುತ್ತೆ ಅಂತ ಎಷ್ಟು ದಿನದಿಂದ ಹೇಳ್ತಿದ್ದೀನಿ!"

ಹೇಳಿದ್ದಳು, ನಿಜ. ಶೀತ, ದೃಷ್ಟಿ ಎಂದು ನಾನೇ ಅವಳ ಬಾಯಿ ಮುಚ್ಚಿಸಿದ್ದೆ. ಕಿಟಕಿ ತೆಗೆದೆ. ಸೀರೆ ಬಿಚ್ಚಿದೆ. ಒಂಬತ್ತು ಎಲೆಗಳನ್ನೂ ಕೊಯ್ದೆ. ಮಲಗಿದಲ್ಲಿಂದಲೇ ಕಿಟಕಿಯಾಚೆ ಅದನ್ನೇ ನೋಡುತ್ತಿದ್ದ ಸುಮ, "ಈಗ ನಂಗೂ ಆಕಾಶ ಕಾಣ್ಸುತ್ತೆ" ಎಂದಳು.

ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ಮಜ್ಜಿಗೆ ನೀರು ಸಿಂಪಡಿಸಿದೆ. ಹೊಸ ಎಲೆ ಬಂತು, ತೆಂಗಿನಕಾಯಿ ಗಾತ್ರದ ಒಂದು ಕಾಯೂ ಆಯಿತು. ಒಂಬತ್ತನೇ ತಿಂಗಳಲ್ಲಿ ಬಳ್ಳಿ ಬುಡದಿಂದ ಹಳದಿಯಾಗುತ್ತಾ ಬಂದು ಪೂರ್ತಿ ಒಣಗಿತು. ರಾಮಕ್ಕ ಕೆಳಗಿನಿಂದಲೇ, "ಅದ್ರ ಕಾಲ ಮುಗೀತು, ಕಾಯಿ ಕಿತ್ಕೋ" ಎಂದಳು. ಕಿತ್ತುಕೊಂಡೆ. ಮುಂಚಿನ ನಾನಾಗಿದ್ದರೆ ಆ ದಿನವೇ ಎದೆ ಒಡೆದುಕೊಳ್ಳುತ್ತಿದ್ದೆ.

ಹತ್ತು ದಿನಕ್ಕೆ ನೋವು ಬಂತು. ಕಾರು ಗೇಟು ದಾಟುವಾಗ ರಾಮಕ್ಕ ಮಂಕರಿ ಇಳಿಸಿ, ಕತ್ತು ಮೇಲೆತ್ತಿ, ಖಾಲಿ ಬಾಲ್ಕನಿಯ ಕಡೆ ಕೂಗುತ್ತಿದ್ದಳು. ಗಾಜು ಏರಿಸಿತ್ತು. ಮಗಳು ನನ್ನ ಎರಡೂ ಕೈ ಬಿಗಿಯಾಗಿ ಹಿಡಿದಿದ್ದಳು. ಮಾರುದೂರದಲ್ಲೇ ನಾನು ಹಾದುಹೋದದ್ದು ರಾಮಕ್ಕನಿಗೆ ತಿಳಿಯಲಿಲ್ಲ.

ಮೊಮ್ಮಗಳು ಹುಟ್ಟಿದಳು! ಈಗ ಏಳು ತಿಂಗಳು, ಕೆಳಗೆ ಎರಡು ಹಲ್ಲು, ವಿಮಾನದ ಸದ್ದಾದರೆ ಕೈ ಬಡಿಯುತ್ತಾಳೆ. ಇದನ್ನು ಬರೆಯಬಿಡದೆ ಪೆನ್ನು ಕಿತ್ತು ಬಾಯಿಗಿಡುತ್ತಾಳೆ. ಅವಳ ಸುದ್ದಿ ಬರೆಯಲು ಕೂತರೆ ಈ ಪುಸ್ತಕ ಸಾಲದು.

ಆಸ್ಪತ್ರೆಯಿಂದ ಬಂದ ಮೇಲೆ ದಿನಾ ಬೆಳಿಗ್ಗೆ ಬುಟ್ಟಿ ಇಳಿಸಿ ರಾಮಕ್ಕನಿಗೆ ಕಾದೆ. ಬರಲಿಲ್ಲ. ಈಗ ಸೊಪ್ಪು ತರುವ ಹುಡುಗಿಯನ್ನು ಕೇಳಿದೆ, ವಾಚ್‌ಮನ್‌ನನ್ನು ಕೇಳಿದೆ. ಊರೊಳಗೆ ಮೂರು ನಾಲ್ಕು ಜನ ರಾಮಕ್ಕಂದಿರಿದ್ದಾರಂತೆ, ಯಾವ ರಾಮಕ್ಕ ಎಂದರು. ಎಡಗಣ್ಣಿಗೆ ಪೊರೆ ಎಂದೆ. ಯಾರಿಗೂ ಗೊತ್ತಿರಲಿಲ್ಲ.

ದಿನಾ ಮೊಮ್ಮಗಳ ನೆತ್ತಿಗೆ ಹರಳೆಣ್ಣೆ ತಟ್ಟುತ್ತೇನೆ. ಮೆತ್ತನೆಯ ಜಾಗ ಬೆರಳಿನಡಿ ತಕತಕ ಕುಣಿಯುತ್ತದೆ. ಆ ಇನ್ನೊಂದು ನೆತ್ತಿ, ಮಂಕರಿಗೆ ಸವೆದದ್ದು, ಕಣ್ಣ ಮುಂದೆ ಬರುತ್ತದೆ. ಅಷ್ಟು ದಿನ ಮೇಲಿನಿಂದ ನೋಡಿದೆನಲ್ಲ, ಅದಕ್ಕೊಂದು ದಿನ ಒಂದು ತೊಟ್ಟು ಎಣ್ಣೆ ಇಡಲಾಗಲಿಲ್ಲ.